ಪ್ರೇಮ, ಅಡವು, ಅಳಿಯ: ‘ವುದರಿಂಗ್ ಹೈಟ್ಸ್’ ಕಾದಂಬರಿಯ ಆಸ್ತಿಯ ಲೆಕ್ಕ

ಮುಂಬಯಿಯ ಮಾಟುಂಗದಲ್ಲಿ ಶನಿವಾರದ ಸಂಜೆಗಳಲ್ಲಿ ಸೇರುವ ನಮ್ಮ ಓದುಗರ ಬಳಗವು ಕಳೆದ ಮಳೆಗಾಲದಲ್ಲಿ ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಕಾದಂಬರಿಯನ್ನು ಕೈಗೆತ್ತಿಕೊಂಡಿತು. ಬಳಗದಲ್ಲಿ ಹೋಟೆಲು ನಡೆಸಿ ಅದನ್ನು ಮಕ್ಕಳಿಗೆ ಒಪ್ಪಿಸಿದವರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಡೊಂಬಿವಲಿಯಿಂದ ಲೋಕಲ್ ಹಿಡಿದು ಬರುವ ಗೃಹಿಣಿಯರಿದ್ದಾರೆ. ಪ್ರತಿ ವಾರ ಓದಿದ ಭಾಗವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ನನ್ನದು. ಮೂರನೆಯ ವಾರ ಎಲ್ಲರೂ ಒಂದೇ ಕಡೆ ಬಂದು ನಿಂತರು. ಕ್ಯಾಥರಿನ್ ಎಂಬ ಹೆಸರಿನವರು ಇಬ್ಬರು. ಲಿಂಟನ್ ಎಂಬುದು ಒಂದು ಕಡೆ ಮನೆತನದ ಹೆಸರು, ಇನ್ನೊಂದು ಕಡೆ ಹುಡುಗನ ಹೆಸರು. ಬೀದಿಯಲ್ಲಿ ಸಿಕ್ಕ ಹೀತ್‌ಕ್ಲಿಫ್ ಎಂಬ ಅನಾಥನೊಬ್ಬ ಕಥೆ ಮುಗಿಯುವ ಹೊತ್ತಿಗೆ ಎರಡು ಎಸ್ಟೇಟುಗಳ ಒಡೆಯನಾಗಿದ್ದಾನೆ. ಕಳ್ಳತನ ಮಾಡದೆ, ಕೊಲೆ ಮಾಡದೆ, ಸುಳ್ಳು ಪತ್ರ ಸೃಷ್ಟಿಸದೆ ಅವನಿಗೆ ಅದು ಸಾಧ್ಯವಾದದ್ದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಈ ಲೇಖನ ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರದ ವಿಸ್ತರಣೆ. ಆಸ್ತಿಯ ಲೆಕ್ಕ ಬಿಡಿಸಿದರೆ ಅವನ ಮತ್ತು ಮೊದಲ ಕ್ಯಾಥರಿನ್‌ಳ ಪ್ರೇಮ ಏಕೆ ನಾಶವಾಯಿತು ಎಂಬುದೂ ಅದರ ಜೊತೆಯಲ್ಲೇ ಬಿಡಿಸಿಕೊಳ್ಳುತ್ತದೆ ಎಂದು ನಾನು ನಂಬಿದ್ದೇನೆ.

ಕಾದಂಬರಿ ಪ್ರಕಟವಾದದ್ದು 1847ರ ಡಿಸೆಂಬರಿನಲ್ಲಿ, ಎಲ್ಲಿಸ್ ಬೆಲ್ ಎಂಬ ಗುಪ್ತನಾಮದಲ್ಲಿ. ಸುಮಾರು ಒಂದು ವರ್ಷದ ನಂತರ, 1848ರ ಡಿಸೆಂಬರ್ 19ರಂದು, ಎಮಿಲಿ ತನ್ನ 30ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳು ಬರೆದು ಪ್ರಕಟಿಸಿದ ಕಾದಂಬರಿ ಇದೊಂದೇ. ಕಥೆ ನಡೆಯುವುದು ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯಲ್ಲಿ, ಮರವಿಲ್ಲದೆ ಗಾಳಿಗೆ ಮೈಯೊಡ್ಡಿಕೊಂಡಿರುವ ಎತ್ತರದ ಬಯಲಿನ ಅಂಚಿನಲ್ಲಿ. ಅಲ್ಲಿ ನಾಲ್ಕು ಮೈಲು ಅಂತರದಲ್ಲಿ ಎರಡು ಮನೆಗಳಿವೆ. ಮೇಲಿನದು ಅರ್ನ್‌ಶಾ ಮನೆತನದ ವುದರಿಂಗ್ ಹೈಟ್ಸ್. ಅದರ ಬಾಗಿಲ ಮೇಲೆ ಹೇರ್ಟನ್ ಅರ್ನ್‌ಶಾ ಎಂಬ ಪೂರ್ವಜನ ಹೆಸರನ್ನೂ 1500 ಎಂಬ ಇಸವಿಯನ್ನೂ ಕೆತ್ತಲಾಗಿದೆ. ಕೆಳಗಿನ ಕಣಿವೆಯಲ್ಲಿರುವುದು ಲಿಂಟನ್ ಮನೆತನದ ತ್ರಶ್‌ಕ್ರಾಸ್ ಗ್ರೇಂಜ್. ಅರ್ನ್‌ಶಾಗಳು ಸ್ವಂತ ಭೂಮಿಯಲ್ಲಿ ತಾವೇ ನಿಂತು ಬೇಸಾಯ ಮಾಡಿಸುವ ಹಳೆಯ ಒಕ್ಕಲು ಮನೆತನದವರು. ಲಿಂಟನ್ನರು ಉದ್ಯಾನ, ಕಾವಲು ನಾಯಿ, ಗೇಣಿದಾರರು, ಮ್ಯಾಜಿಸ್ಟ್ರೇಟ್ ಪದವಿ ಎಲ್ಲವನ್ನೂ ಉಳ್ಳ ಸಿರಿವಂತರು. ಎರಡೂ ಮನೆಗಳು ಗೌರವಸ್ಥರದೇ, ಆದರೆ ಒಂದೇ ಎತ್ತರದವಲ್ಲ. ಆ ಸಣ್ಣ ಅಂತರವೇ ಮುಂದೆ ದೊಡ್ಡ ಕೆಲಸ ಮಾಡುತ್ತದೆ.

ಮೊದಲು ನೆಂಟಸ್ತಿಕೆಯನ್ನು ಬಿಡಿಸಿಕೊಳ್ಳೋಣ, ಏಕೆಂದರೆ ಇಲ್ಲಿ ಕನ್ನಡದ ಓದುಗರಿಗೆ ಇಂಗ್ಲಿಷಿನ ಓದುಗರಿಗಿಂತ ಅನುಕೂಲ ಹೆಚ್ಚು. ಇಂಗ್ಲಿಷಿನಲ್ಲಿ ದೊಡ್ಡಪ್ಪನ ಮಗನಿಗೂ ಸೋದರತ್ತೆಯ ಮಗನಿಗೂ ಸೋದರಮಾವನ ಮಗನಿಗೂ ‘ಕಸಿನ್’ ಎಂಬ ಒಂದೇ ಪದ. ನಮ್ಮಲ್ಲಿ ಪ್ರತಿಯೊಂದು ಸಂಬಂಧಕ್ಕೂ ಬೇರೆ ಹೆಸರಿದೆ, ಮತ್ತು ಮದುವೆಯ ವರಸೆ ಯಾವುದು, ಅಣ್ಣತಂಗಿಯ ವರಸೆ ಯಾವುದು ಎಂಬುದು ಆ ಹೆಸರಿನಲ್ಲಿಯೇ ಅಡಗಿದೆ. ಅರ್ನ್‌ಶಾ ಮನೆಯಲ್ಲಿ ಅಣ್ಣ ಹಿಂಡ್ಲಿ, ತಂಗಿ ಕ್ಯಾಥರಿನ್. ಲಿಂಟನ್ ಮನೆಯಲ್ಲಿ ಅಣ್ಣ ಎಡ್ಗರ್, ತಂಗಿ ಇಸಬೆಲ್ಲಾ. ಕ್ಯಾಥರಿನ್ ಎಡ್ಗರನನ್ನು ಮದುವೆಯಾಗುತ್ತಾಳೆ. ಅವರ ಮಗಳೇ ಎರಡನೆಯ ಕ್ಯಾಥರಿನ್. ಗೊಂದಲ ಬೇಡವೆಂದು ಅವಳನ್ನು ಇಲ್ಲಿ ಕ್ಯಾಥಿ ಎನ್ನುತ್ತೇನೆ. ಇಸಬೆಲ್ಲಾ ಹೀತ್‌ಕ್ಲಿಫ್‌ನೊಂದಿಗೆ ಓಡಿಹೋಗಿ ಮದುವೆಯಾಗುತ್ತಾಳೆ. ಅವರ ಮಗ ಲಿಂಟನ್. ಹಿಂಡ್ಲಿಯ ಮಗ ಹೇರ್ಟನ್, ಬಾಗಿಲ ಮೇಲಿನ ಪೂರ್ವಜನ ಹೆಸರನ್ನೇ ಹೊತ್ತವನು. ಹಾಗಾದರೆ ಕ್ಯಾಥಿಗೆ ಲಿಂಟನ್ ಸೋದರತ್ತೆಯ ಮಗ, ಹೇರ್ಟನ್ ಸೋದರಮಾವನ ಮಗ. ಅವಳು ಮೊದಲು ಅತ್ತೆಯ ಮಗನನ್ನು, ಅವನು ಸತ್ತ ಮೇಲೆ ಮಾವನ ಮಗನನ್ನು ವರಿಸುತ್ತಾಳೆ. ಇಂಗ್ಲಿಷ್ ವಿಮರ್ಶೆ ನಕ್ಷೆ ಬರೆದು ತೋರಿಸಬೇಕಾದದ್ದನ್ನು ನಮ್ಮ ಬಳಗದ ಹೆಂಗಸರು ಬೆರಳೆಣಿಸಿ ಅರ್ಧ ನಿಮಿಷದಲ್ಲಿ ಹೇಳಿದರು.

ಈ ನಕ್ಷೆಯ ಯಾವ ಕೊಂಬೆಗೂ ಸೇರದವನು ಹೀತ್‌ಕ್ಲಿಫ್ ಒಬ್ಬನೇ. 1771ರಲ್ಲಿ, ಸುಗ್ಗಿ ಶುರುವಾಗುವ ಹೊತ್ತಿಗೆ, ಮುದಿ ಅರ್ನ್‌ಶಾ ಹೋಗಲು 60 ಮೈಲು, ಬರಲು 60 ಮೈಲು ಕಾಲ್ನಡಿಗೆಯಲ್ಲಿ ಲಿವರ್‌ಪೂಲಿಗೆ ಹೋಗಿ ಬರುತ್ತಾನೆ. ಮಗನಿಗೆ ಪಿಟೀಲು, ಮಗಳಿಗೆ ಚಾವಟಿ ತರುತ್ತೇನೆಂದು ಹೇಳಿ ಹೋದವನು ಕೋಟಿನೊಳಗೆ ಸುತ್ತಿಕೊಂಡು ತಂದದ್ದು ಬೀದಿಯಲ್ಲಿ ಹಸಿದು ಬಿದ್ದಿದ್ದ ಕಪ್ಪು ಮೈಬಣ್ಣದ ಮಗುವನ್ನು. ಪಿಟೀಲು ಚೂರಾಗಿತ್ತು, ಚಾವಟಿ ದಾರಿಯಲ್ಲಿ ಕಳೆದುಹೋಗಿತ್ತು. ಮನೆಯಲ್ಲಿ ಹಿಂದೆ ತೀರಿಹೋಗಿದ್ದ ಮಗನೊಬ್ಬನ ಹೆಸರನ್ನು ಆ ಹುಡುಗನಿಗೆ ಇಡುತ್ತಾರೆ. ಹೀತ್‌ಕ್ಲಿಫ್ ಎಂಬುದೇ ಅವನ ಹೆಸರು, ಅದೇ ಅವನ ಮನೆತನದ ಹೆಸರು. ಅಂದರೆ ಅವನಿಗೆ ಅನ್ನ ಕೊಟ್ಟರು, ಕರೆಯಲು ಹೆಸರು ಕೊಟ್ಟರು, ಅರ್ನ್‌ಶಾ ಎಂಬುದನ್ನು ಮಾತ್ರ ಕೊಡಲಿಲ್ಲ. ಇಂಗ್ಲೆಂಡಿನಲ್ಲಿ ಆ ಕಾಲಕ್ಕೆ ಕಾನೂನುಬದ್ಧ ದತ್ತು ಎಂಬುದೇ ಇರಲಿಲ್ಲ. ಅದು ಬಂದದ್ದು 1926ರಲ್ಲಿ.

ಮುಂಬಯಿಯ ಓದುಗರು ಇಲ್ಲಿ ಒಂದು ಪದದ ಬಳಿ ತುಸು ನಿಲ್ಲಬೇಕು. ಗ್ರೇಂಜ್ ಮನೆಯ ಮುದಿ ಲಿಂಟನ್ ಈ ಹುಡುಗನನ್ನು ಮೊದಲ ಬಾರಿ ಹತ್ತಿರದಿಂದ ಕಂಡಾಗ, ಇವನು ಪುಟ್ಟ ಲಾಸ್ಕರನಿರಬೇಕು, ಇಲ್ಲವೆ ಅಮೆರಿಕದ ಅಥವಾ ಸ್ಪೇನಿನ ಹಡಗಿನಿಂದ ಬಿಟ್ಟುಹೋದವನಿರಬೇಕು ಎನ್ನುತ್ತಾನೆ. ಲಾಸ್ಕರ್ ಎಂದರೆ ಇಂಗ್ಲಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಖಲಾಸಿ. ಈ ಮುಂಬಯಿ ಬಂದರಿನಿಂದಲೂ ಕೊಂಕಣ ತೀರದಿಂದಲೂ ಅಂಥವರನ್ನು ಹಡಗು ಹತ್ತಿಸುತ್ತಿದ್ದರು. ಕೆಲಸದವಳಾದ ನೆಲ್ಲಿ ಡೀನ್ ಕೂಡ ಅವನನ್ನು ಸಮಾಧಾನಪಡಿಸುವಾಗ, ನಿನ್ನ ಅಪ್ಪ ಚೀನಾದ ಚಕ್ರವರ್ತಿಯೋ, ಅಮ್ಮ ಇಂಡಿಯಾದ ರಾಣಿಯೋ ಯಾರು ಬಲ್ಲರು ಎನ್ನುತ್ತಾಳೆ. ಲಿವರ್‌ಪೂಲ್ ಆ ಕಾಲದಲ್ಲಿ ಗುಲಾಮರ ವ್ಯಾಪಾರದ ಬಲು ದೊಡ್ಡ ಬಂದರು. ಅವನು ಎಲ್ಲಿಯವನು ಎಂಬುದನ್ನು ಕಾದಂಬರಿ ಎಲ್ಲಿಯೂ ತೀರ್ಮಾನಿಸುವುದಿಲ್ಲ. ಅವನ ಹುಟ್ಟು ತಿಳಿಯದಿರುವುದರಿಂದ ಪ್ರತಿಯೊಬ್ಬರೂ ತಮ್ಮ ಭಯವನ್ನೋ ತಿರಸ್ಕಾರವನ್ನೋ ಕಲ್ಪನೆಯನ್ನೋ ಅವನ ಮೇಲೆ ಬರೆಯುತ್ತಾರೆ ಎಂಬುದಷ್ಟೇ ನಮಗೆ ಕಾಣುವುದು.

ಹೀತ್‌ಕ್ಲಿಫ್ ಮತ್ತು ಕ್ಯಾಥರಿನ್ ಒಂದೇ ಮನೆಯಲ್ಲಿ, ಒಂದೇ ಬಯಲಿನಲ್ಲಿ, ಹೆಚ್ಚುಕಡಿಮೆ ಒಂದೇ ವಯಸ್ಸಿನಲ್ಲಿ ಬೆಳೆದವರು. ಅವರ ನಡುವಿನ ಅಂತರ ಹುಟ್ಟಿನಿಂದ ಬಂದದ್ದು ಎಂದುಕೊಂಡರೆ ಕಾದಂಬರಿಯ ಮುಖ್ಯ ಮಾತು ಕೈತಪ್ಪುತ್ತದೆ. 1777ರಲ್ಲಿ ತಂದೆ ತೀರಿಕೊಂಡ ಮೇಲೆ ಯಜಮಾನನಾದ ಹಿಂಡ್ಲಿ ಹೀತ್‌ಕ್ಲಿಫ್‌ನ ಪಾಠ ನಿಲ್ಲಿಸುತ್ತಾನೆ, ಆಳುಗಳ ಜೊತೆ ಹೊಲಕ್ಕೆ ಅಟ್ಟುತ್ತಾನೆ. ಆ ವರ್ಷದ ಕ್ರಿಸ್ಮಸ್ ಊಟದ ದಿನ ಲಿಂಟನ್ ಮಕ್ಕಳು ಅತಿಥಿಗಳಾಗಿ ಬಂದಿರುವಾಗ, ಊಟ ಮುಗಿಯುವ ತನಕ ಅವನನ್ನು ಅಟ್ಟದ ಮೇಲೆ ಇರಿಸಲು ಅಪ್ಪಣೆಯಾಗುತ್ತದೆ. ಅವನ ಕೂದಲಿನ ಬಗ್ಗೆ ಎಡ್ಗರ್ ಏನೋ ಹೇಳಿದ್ದಕ್ಕೆ ಹೀತ್‌ಕ್ಲಿಫ್ ಬಿಸಿ ಸೇಬಿನ ಗೊಜ್ಜನ್ನು ಅವನ ಮುಖಕ್ಕೆ ಎರಚುತ್ತಾನೆ. ಕೆಲವೇ ವಾರಗಳ ಹಿಂದೆ ನಾಯಿ ಕಚ್ಚಿ ಗ್ರೇಂಜಿನಲ್ಲಿ ಐದು ವಾರ ಉಳಿದಿದ್ದ ಕ್ಯಾಥರಿನ್ ಅಲ್ಲಿಂದ ರೇಷ್ಮೆಯ ಉಡುಪು, ನಯವಾದ ನಡೆ ಕಲಿತು ಮರಳಿರುತ್ತಾಳೆ. ಒಬ್ಬಳನ್ನು ಮೇಲಕ್ಕೆ ಎತ್ತಿದ್ದು, ಒಬ್ಬನನ್ನು ಕೆಳಕ್ಕೆ ತಳ್ಳಿದ್ದು ಒಂದೇ ಚಳಿಗಾಲ.

ಆದ್ದರಿಂದಲೇ ಒಂಬತ್ತನೆಯ ಅಧ್ಯಾಯದ ಆ ಪ್ರಸಿದ್ಧ ಸಂಜೆಯನ್ನು ನಿಧಾನವಾಗಿ ಓದಬೇಕು. ಎಡ್ಗರನಿಗೆ ಒಪ್ಪಿಗೆ ಕೊಟ್ಟು ಬಂದ ಕ್ಯಾಥರಿನ್ ಅಡುಗೆಮನೆಯಲ್ಲಿ ನೆಲ್ಲಿಯ ಮುಂದೆ ಮನಸ್ಸು ಬಿಚ್ಚುತ್ತಾಳೆ. ಆ ಮನೆಯೊಳಗಿರುವ ದುಷ್ಟ ಅಣ್ಣ ಹೀತ್‌ಕ್ಲಿಫ್‌ನನ್ನು ಇಷ್ಟು ಕೆಳಕ್ಕೆ ಇಳಿಸದಿದ್ದರೆ ಎಡ್ಗರನನ್ನು ಮದುವೆಯಾಗುವ ಯೋಚನೆಯೇ ತನಗೆ ಬರುತ್ತಿರಲಿಲ್ಲ ಎಂದು ಮೊದಲು ಹೇಳಿ, ಈಗ ಅವನನ್ನು ಮದುವೆಯಾದರೆ ತನ್ನ ಮಾನ ಇಳಿಯುತ್ತದೆ ಎಂದು ಮುಂದುವರಿಸುತ್ತಾಳೆ. ಒರಗುಬೆಂಚಿನ ಮರೆಯಲ್ಲಿದ್ದ ಹೀತ್‌ಕ್ಲಿಫ್ ಅಷ್ಟನ್ನು ಕೇಳಿ ಎದ್ದು ಹೋಗುತ್ತಾನೆ. ತಾನು ಅವನನ್ನು ಎಷ್ಟು ಪ್ರೀತಿಸುತ್ತೇನೆ, ಅವನು ತನಗಿಂತಲೂ ತಾನೇ ಆಗಿದ್ದಾನೆ ಎಂಬ ಅವಳ ಮಾತು ಹೊರಬರುವುದು ಅವನು ಹೋದ ಮೇಲೆ. ಜನರು ನೆನಪಿಟ್ಟುಕೊಂಡದ್ದು ಈ ಕೊನೆಯ ಮಾತನ್ನು. ನನಗೆ ಅದಕ್ಕಿಂತ ಹೆಚ್ಚು ಕಾಡುವುದು ಅದರ ಬೆನ್ನಿಗೇ ಬರುವ ಲೆಕ್ಕಾಚಾರದ ಮಾತು. ನಾವಿಬ್ಬರೂ ಮದುವೆಯಾದರೆ ಭಿಕ್ಷುಕರಾಗುತ್ತೇವೆ, ಎಡ್ಗರ್ ಲಿಂಟನ್‌ನನ್ನು ಮದುವೆಯಾದರೆ ಹೀತ್‌ಕ್ಲಿಫ್‌ನನ್ನು ಮೇಲೆತ್ತಿ ಅಣ್ಣನ ಹಿಡಿತದಿಂದ ಬಿಡಿಸಬಹುದು ಎನ್ನುತ್ತಾಳೆ ಕ್ಯಾಥರಿನ್. ಗಂಡನ ಹಣದಿಂದಲೇ ಎಂದು ನೆಲ್ಲಿ ಕೇಳುತ್ತಾಳೆ. ಹದಿನೈದು ವರ್ಷದ ಹುಡುಗಿಯ ಈ ಯೋಜನೆಯನ್ನು ಸ್ವಾರ್ಥ ಎಂದು ತಳ್ಳಿಹಾಕುವುದು ಅನ್ಯಾಯ. ತಂದೆಯ ಭೂಮಿಯೆಲ್ಲ ಅಣ್ಣನ ಪಾಲಾಗಿದ್ದ ಆ ಮನೆಯಲ್ಲಿ ಅವಳ ಕೈಯಲ್ಲಿದ್ದ ಆಸ್ತಿ ಅವಳ ಮದುವೆಯೊಂದೇ, ಅದನ್ನೇ ಅವಳು ಹೂಡಿದಳು.

ಈ ಮೇಲು ಕೀಳುಗಳನ್ನು ನಮ್ಮ ಜಾತಿಯೊಂದಿಗೆ ಹೋಲಿಸಬಹುದೆ ಎಂಬ ಪ್ರಶ್ನೆ ಬಳಗದಲ್ಲಿ ಪ್ರತಿ ವಾರವೂ ಎದ್ದಿತು. ಒಂದು ಹಂತದವರೆಗೆ ಹೋಲಿಸಬಹುದು. ಮೂರು ವರ್ಷಗಳ ನಂತರ, 1783ರ ಸೆಪ್ಟೆಂಬರಿನಲ್ಲಿ, ಹೀತ್‌ಕ್ಲಿಫ್ ಮರಳಿ ಬಂದು ಗ್ರೇಂಜಿನ ಬಾಗಿಲಲ್ಲಿ ನಿಂತಾಗ, ಅವನನ್ನು ಅಡುಗೆಮನೆಯಲ್ಲಿ ಕೂರಿಸಿದರೆ ಸರಿಯಲ್ಲವೇ ಎನ್ನುತ್ತಾನೆ ಎಡ್ಗರ್. ಅದಕ್ಕೆ ಕ್ಯಾಥರಿನ್, ಹಾಗಾದರೆ ಎರಡು ಮೇಜು ಹಾಕಿಸು, ಒಂದು ಸಿರಿವಂತರಾದ ಯಜಮಾನರಿಗೂ ಇಸಬೆಲ್ಲಾಳಿಗೂ, ಇನ್ನೊಂದು ಕೀಳು ವರ್ಗದವರಾದ ನನಗೂ ಹೀತ್‌ಕ್ಲಿಫ್‌ಗೂ ಎಂದು ನೆಲ್ಲಿಗೆ ಅಪ್ಪಣೆ ಕೊಡುತ್ತಾಳೆ. ಪಂಕ್ತಿಭೇದ ಎಂಬ ಪದವನ್ನು ಬಲ್ಲ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಮೂರು ವರ್ಷಗಳಲ್ಲಿ ಹೇಗೋ ಗಳಿಸಿದ ಹಣ, ನೆಟ್ಟಗಿನ ನಿಲುವು, ತಿದ್ದಿದ ಮಾತು ಇವಿಷ್ಟರಿಂದ ಹೀತ್‌ಕ್ಲಿಫ್ ಎಲ್ಲರ ಕಣ್ಣಿಗೂ ಗೃಹಸ್ಥನಾಗಿ ಕಾಣುತ್ತಾನೆ, ಮತ್ತು ಮುಂದೆ ಭೂಮಾಲೀಕನಾಗಿ ಬಾಳುತ್ತಾನೆ. ಜಾತಿಯನ್ನು ಹಾಗೆ ಮೂರು ವರ್ಷ ಊರು ಬಿಟ್ಟು ಬಂದು ಕಳಚಿಕೊಳ್ಳಲಾಗದು ಎಂಬುದನ್ನು ನಮ್ಮಲ್ಲಿ ಅನೇಕರು ತಮ್ಮ ಮೈಮೇಲೆ ಬಲ್ಲರು. ಆದ್ದರಿಂದ ಇದನ್ನು ವರ್ಗದ ಕಥೆ ಎಂದೇ ಓದುವುದು ಸರಿ. ಅವನ ಮೈಬಣ್ಣದ ಕುರಿತ ಮಾತುಗಳು ಮಾತ್ರ ಆ ವರ್ಗದ ಚೌಕಟ್ಟಿನೊಳಗೆ ಪೂರ್ತಿ ಕೂರುವುದಿಲ್ಲ.

ಇನ್ನು ಆಸ್ತಿಯ ಲೆಕ್ಕ. ಇದನ್ನು ಮೊದಲು ಶಿಸ್ತಿನಿಂದ ಬಿಡಿಸಿ ತೋರಿಸಿದವನು ಸಿ. ಪಿ. ಸ್ಯಾಂಗರ್ ಎಂಬ ಇಂಗ್ಲಿಷ್ ನ್ಯಾಯವಾದಿ, 1926ರಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಬಂಧದಲ್ಲಿ. ಕಾದಂಬರಿಯಲ್ಲಿ ಇಸವಿಯನ್ನು ನೇರವಾಗಿ ಹೇಳುವುದು ಕೆಲವೇ ಕಡೆ. ಉಳಿದೆಡೆ ವಯಸ್ಸು, ಋತು, ಬೆಳದಿಂಗಳು, ಸುಗ್ಗಿ ಇಂಥ ಸುಳಿವುಗಳಷ್ಟೇ ಇವೆ. ಅವುಗಳನ್ನೆಲ್ಲ ಜೋಡಿಸಿ ಅವನು ಘಟನೆಗಳಿಗೆ ದಿನಾಂಕ ಕೊಟ್ಟ. ಆಮೇಲೆ ಆ ದಿನಾಂಕಗಳಂದು ಇಂಗ್ಲೆಂಡಿನಲ್ಲಿ ಜಾರಿಯಲ್ಲಿದ್ದ ಕಾನೂನಿನೊಂದಿಗೆ ಕಥೆಯನ್ನು ತಾಳೆ ನೋಡಿದ. ಎಮಿಲಿ ತಾನು ಬರೆಯುತ್ತಿದ್ದ ಕಾಲದ ಕಾನೂನನ್ನಲ್ಲ, ಐವತ್ತು ವರ್ಷ ಹಿಂದಿನ ಕಾನೂನನ್ನು ಬಹುಮಟ್ಟಿಗೆ ಸರಿಯಾಗಿಯೇ ಹಿಡಿದಿದ್ದಾಳೆ ಎಂಬುದು ಅವನಿಗೆ ಕಂಡ ಅಚ್ಚರಿ. ನನಗೆ ಅಷ್ಟು ಅಚ್ಚರಿಯಾಗುವುದಿಲ್ಲ. ಬ್ರಾಂಟೆ ಸೋದರಿಯರು ವಾಸವಾಗಿದ್ದ ಹಾವರ್ತ್ ಊರಿನ ಪಾದ್ರಿಯ ಮನೆ ಚರ್ಚಿನದು. ತಂದೆ ತೀರಿಕೊಂಡರೆ ಬಿಟ್ಟು ಹೊರಡಬೇಕಾದದ್ದು. ದೊಡ್ಡಮ್ಮ 1842ರಲ್ಲಿ ತೀರಿಕೊಂಡು ಬಿಟ್ಟುಹೋದ ಹಣವನ್ನು ರೈಲ್ವೆ ಷೇರುಗಳಲ್ಲಿ ಹಾಕಿ ಅದರ ಲೆಕ್ಕ ನೋಡಿಕೊಳ್ಳುತ್ತಿದ್ದವಳು ಎಮಿಲಿಯೇ, ಮತ್ತು ಅದಕ್ಕಾಗಿ ಅವಳು ಪತ್ರಿಕೆಗಳಲ್ಲಿನ ರೈಲ್ವೆ ಸುದ್ದಿ ಜಾಹೀರಾತುಗಳನ್ನೆಲ್ಲ ಬಿಡದೆ ಓದುತ್ತಿದ್ದಳೆಂದು ಅಕ್ಕ ಷಾರ್ಲಟ್ ಬರೆದಿದ್ದಾಳೆ. ಸ್ವಂತ ಮನೆಯಿಲ್ಲದವರಿಗೆ ಮನೆಯ ಕಾನೂನು ಚೆನ್ನಾಗಿ ಗೊತ್ತಿರುತ್ತದೆ. ಪಗಡಿ ಹಣ ಕೊಟ್ಟು ಹಿಡಿದ ಬಾಡಿಗೆಯ ಖೋಲಿಯಲ್ಲಿ ಸಂಸಾರ ನಡೆಸಿದ ಮುಂಬಯಿಯವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಮೊದಲ ಮನೆ, ವುದರಿಂಗ್ ಹೈಟ್ಸ್, ಹೀತ್‌ಕ್ಲಿಫ್‌ನ ಕೈಗೆ ಬಂದದ್ದು ಅಡವಿನ ಮೂಲಕ. ಹೆಂಡತಿ ಸತ್ತ ಮೇಲೆ ಕುಡಿತಕ್ಕೂ ಇಸ್ಪೀಟಿಗೂ ಬಿದ್ದಿದ್ದ ಹಿಂಡ್ಲಿಯ ಮನೆಯಲ್ಲಿ, ಮರಳಿ ಬಂದ ಹೀತ್‌ಕ್ಲಿಫ್ ಬಾಡಿಗೆ ಕೊಟ್ಟು ಉಳಿಯುತ್ತಾನೆ. ತನ್ನನ್ನು ಆಳನ್ನಾಗಿ ಮಾಡಿದವನಿಗೆ ಅವನು ಕೈ ಮಾಡುವುದಿಲ್ಲ, ಸಾಲ ಕೊಡುತ್ತಾನೆ. ಇಡೀ ಭೂಮಿ ಗಜ ಗಜವಾಗಿ ಅಡವಾಗುತ್ತದೆ. 1784ರ ಸೆಪ್ಟೆಂಬರಿನಲ್ಲಿ, 27ನೆಯ ವಯಸ್ಸಿನಲ್ಲಿ, ಹಿಂಡ್ಲಿ ಸತ್ತಾಗ ಅಡವಿನ ಪತ್ರಗಳನ್ನೆಲ್ಲ ಹಿಡಿದು ಹೀತ್‌ಕ್ಲಿಫ್ ಯಜಮಾನನಾಗಿ ಕೂರುತ್ತಾನೆ. ನಮ್ಮ ಊರುಗಳಲ್ಲಿ ಇದನ್ನು ಭೋಗ್ಯ ಎನ್ನುತ್ತೇವೆ: ಸಾಲ ತೀರುವ ತನಕ ಸಾಲ ಕೊಟ್ಟವನೇ ಭೂಮಿಯನ್ನು ಅನುಭವಿಸುತ್ತಾನೆ. ಆದರೆ ಭೋಗ್ಯ ಎಂದರೆ ಕ್ರಯವಲ್ಲ. ಸಾಲ ತೀರಿಸಿ ಭೂಮಿಯನ್ನು ಬಿಡಿಸಿಕೊಳ್ಳುವ ಹಕ್ಕು ಹಿಂಡ್ಲಿಯ ಮಗ ಹೇರ್ಟನ್‌ಗೆ ಉಳಿದೇ ಇತ್ತು. ಭೂಮಿಯಿಂದ ಬಂದ ಆದಾಯಕ್ಕೆ ಅಡವು ಹಿಡಿದವನು ಲೆಕ್ಕ ಒಪ್ಪಿಸಬೇಕು. ಆ ಆದಾಯದಲ್ಲಿ ಸಾಲವೇ ತೀರಿಹೋಗಿರಲೂಬಹುದು. ಅಂದಿನ ಇಂಗ್ಲಿಷ್ ನ್ಯಾಯದ ಪ್ರಕಾರ ಅಡವು ಹಿಡಿದವನು 20 ವರ್ಷ ಸತತವಾಗಿ ಸ್ವಾಧೀನದಲ್ಲಿದ್ದರೆ ಮಾತ್ರ ಬಿಡಿಸಿಕೊಳ್ಳುವ ಹಕ್ಕು ಕಳೆದುಹೋಗುತ್ತಿತ್ತು. ಹೀತ್‌ಕ್ಲಿಫ್ ಕೂತದ್ದು 18 ವರ್ಷ.

ಹಾಗಿದ್ದರೆ ಹೇರ್ಟನ್ ಏಕೆ ಕೇಳಲಿಲ್ಲ? ಕೇಳಲು ಅವನಿಗೆ ಓದು ಬರಬೇಕಿತ್ತು. ತನಗೆ ಹಿಂಡ್ಲಿ ಮಾಡಿದ್ದನ್ನೇ ಹೀತ್‌ಕ್ಲಿಫ್ ಹಿಂಡ್ಲಿಯ ಮಗನಿಗೆ ಮಾಡುತ್ತಾನೆ: ಅಕ್ಷರ ಕಲಿಸುವುದಿಲ್ಲ, ಹೊಲದಲ್ಲಿ ದುಡಿಸುತ್ತಾನೆ, ಸಂಬಳ ಕೊಡುವುದಿಲ್ಲ. ತನ್ನದೇ ಮನೆಯಲ್ಲಿ ಆಳಾಗಿರುವ ಆ ಹುಡುಗ, ಬಾಗಿಲ ಮೇಲೆ ಏನು ಕೆತ್ತಿದೆ ಎಂದು ಕ್ಯಾಥಿ ಕೇಳಿದಾಗ, ಏನೋ ಹಾಳು ಬರಹ, ನನಗೆ ಓದಲಾಗದು ಎನ್ನುತ್ತಾನೆ. ಅಲ್ಲಿರುವುದು ಅವನದೇ ಹೆಸರು. ಈ ಪುಟ ಓದಿದ ದಿನ ನಮ್ಮ ಬಳಗದಲ್ಲಿ ಮಾತು ಬಹಳ ಹೊತ್ತು ನಿಂತುಹೋಗಿತ್ತು. ಹತ್ತು ಹನ್ನೆರಡರ ವಯಸ್ಸಿನಲ್ಲಿ ಘಟ್ಟದ ಕೆಳಗಿನಿಂದ ಹೋಟೆಲಿನ ಮಾಣಿಯಾಗಿ ಬಂದು, ರಾತ್ರಿ ಲೋಟ ತೊಳೆದು ಮುಗಿಸಿ ಫೋರ್ಟಿನ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತು ಅಕ್ಷರ ಕಲಿತ ಹಿರಿಯರು ಅಲ್ಲಿದ್ದರು. ಓದು ಬಾರದವನಿಗೆ ಅವನ ಪಾಲಿನ ಕಾಗದವನ್ನು ಯಾರೂ ಓದಿ ಹೇಳುವುದಿಲ್ಲ ಎಂಬುದು ಅವರಿಗೆ ವಿವರಣೆಯ ಅಗತ್ಯವಿಲ್ಲದೆ ತಿಳಿದ ವಿಷಯವಾಗಿತ್ತು.

ಎರಡನೆಯ ಮನೆಯ ದಾರಿ ಇನ್ನಷ್ಟು ಸುತ್ತು. ಗ್ರೇಂಜ್ ಎಡ್ಗರನ ಸ್ವಂತದ್ದಲ್ಲ. ಅವನು ಬದುಕಿರುವ ತನಕ ಅನುಭವಿಸಬಹುದಾದದ್ದು. ಅವನ ತಂದೆ ಮೊದಲೇ ಕ್ರಮ ಕಟ್ಟಿಟ್ಟಿದ್ದ: ಎಡ್ಗರನ ನಂತರ ಎಡ್ಗರನ ಗಂಡುಮಕ್ಕಳು, ಅವರಿಲ್ಲದಿದ್ದರೆ ಇಸಬೆಲ್ಲಾ, ಅವಳ ನಂತರ ಅವಳ ಗಂಡುಮಕ್ಕಳು. ಎಡ್ಗರನಿಗೆ ಹುಟ್ಟಿದ್ದು ಹೆಣ್ಣುಮಗು. ಆ ಹೆರಿಗೆಯಲ್ಲಿ, 1784ರ ಮಾರ್ಚಿನಲ್ಲಿ, ಕ್ಯಾಥರಿನ್ ತೀರಿಕೊಳ್ಳುತ್ತಾಳೆ. ಮಗುವಿನ ತೊಟ್ಟಿಲ ಬಳಿ ನಿಂತ ನೆಲ್ಲಿ, ಮಗನ ಮಗಳನ್ನು ಬಿಟ್ಟು ಸ್ವಂತ ಮಗಳಿಗೆ ಆಸ್ತಿ ಕಟ್ಟಿಟ್ಟ ಮುದುಕನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಾಳೆ. ಹೀತ್‌ಕ್ಲಿಫ್ ಇದನ್ನು ಬಹಳ ಮೊದಲೇ ವಿಚಾರಿಸಿಕೊಂಡಿದ್ದ. ಇಸಬೆಲ್ಲಾಳ ಮನಸ್ಸು ತನ್ನ ಮೇಲಿದೆ ಎಂದು ತಿಳಿದೊಡನೆ ಅವನು ಕೇಳುವ ಪ್ರಶ್ನೆ, ಅಣ್ಣನ ಆಸ್ತಿಗೆ ಅವಳೇ ವಾರಸುದಾರಳಲ್ಲವೇ ಎಂಬುದು. ಅವಳ ಹಕ್ಕನ್ನು ಅಳಿಸಲು ಅರ್ಧ ಡಜನ್ ಗಂಡುಮಕ್ಕಳು ಹುಟ್ಟಲಿ ಎಂದು ಆಗ ಕ್ಯಾಥರಿನ್ ಉತ್ತರಿಸಿದ್ದಳು.

ನಾನು ಇಷ್ಟು ವಿವರಿಸಿದಾಗ ಕಾರ್ಕಳದ ಕಡೆಯ ಒಬ್ಬ ಹಿರಿಯ ಹೆಂಗಸು ಕೇಳಿದರು: “ಮಾಷ್ಟ್ರೇ, ಆಸ್ತಿ ಸೋದರಳಿಯನಿಗೆ ಹೋಯಿತು ಅಂದ್ರೆ ಅದರಲ್ಲಿ ಅನ್ಯಾಯ ಎಂತ ಉಂಟು? ನಮ್ಮಲ್ಲಿ ಹೋಗಬೇಕಾದ್ದೇ ಹಾಗೆ.” ಈ ಪ್ರಶ್ನೆ ಯಾವ ಇಂಗ್ಲಿಷ್ ಓದುಗನಿಗೂ ಹೊಳೆಯಲಾರದು. ಮುಂಬಯಿ ಕನ್ನಡಿಗರಲ್ಲಿ ದೊಡ್ಡ ಪಾಲು ಅಳಿಯಸಂತಾನದ ಹಿನ್ನೆಲೆಯಿಂದ ಬಂದವರು. ಆ ಕಟ್ಟಿನಲ್ಲಿ ಕುಟುಂಬದ ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುತ್ತದೆ. ಯಜಮಾನನ ನಂತರ ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಕುಟುಂಬದ ತಾಯಿಸಾಲಿನ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹಳೆಯ ಕಟ್ಟು ಸಡಿಲವಾಯಿತು. ಆ ಕಣ್ಣಿನಿಂದ ನೋಡಿದರೆ ಎಡ್ಗರನ ಮಗಳನ್ನು ದಾಟಿ ಅವನ ತಂಗಿಯ ಮಗ ಲಿಂಟನ್‌ಗೆ ಗ್ರೇಂಜ್ ಹೋಗುವುದು ಸಹಜವಾಗಿಯೇ ಕಾಣುತ್ತದೆ.

ಆದರೆ ಎರಡು ಕಟ್ಟುಗಳೂ ಒಂದೇ ಹುಡುಗನ ಬಳಿ ಬಂದು ನಿಂತರೂ ಅವು ಬಂದ ದಾರಿಗಳು ಎದುರುಬದುರು. ಅಳಿಯಸಂತಾನದಲ್ಲಿ ಅವನಿಗೆ ಹಕ್ಕು ಬರುವುದು ಅವನ ತಾಯಿ ಆ ಕುಟುಂಬದ ಹೆಣ್ಣು ಎಂಬ ಕಾರಣಕ್ಕೆ. ಇಂಗ್ಲೆಂಡಿನಲ್ಲಿ ಬರುವುದು ಅವನು ಗಂಡು, ಕ್ಯಾಥಿ ಹೆಣ್ಣು ಎಂಬ ಕಾರಣಕ್ಕೆ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ತಂದೆಯದು. ನಮ್ಮ ಕಟ್ಟಿನಲ್ಲಿ ಇಸಬೆಲ್ಲಾಳ ಗಂಡನಿಗೆ ಹೆಂಡತಿಯ ಕುಟುಂಬದ ಆಸ್ತಿಯಲ್ಲಿ ಯಾವ ಅಧಿಕಾರವೂ ಇರುತ್ತಿರಲಿಲ್ಲ. ಮಗು ತಾಯಿಯ ಬಳಿಗೆ, ತಾಯಿಯ ಮನೆಗೆ ಸೇರಿದ್ದು. ಇಂಗ್ಲೆಂಡಿನಲ್ಲಿ ಅಂದು ಮಗುವಿನ ಮೇಲಿನ ಅಧಿಕಾರ ಪೂರ್ತಿಯಾಗಿ ತಂದೆಯದು. ತಾಯಿಗೆ ಸ್ವಲ್ಪ ಹಕ್ಕು ಸಿಕ್ಕಿದ್ದು 1839ರ ಕಾಯ್ದೆಯಿಂದ. ಇಸಬೆಲ್ಲಾ ಸತ್ತ ಮೇಲೆ ಸೋದರಮಾವ ಎಡ್ಗರ್ ಹುಡುಗನನ್ನು ಮನೆಗೆ ಕರೆತಂದ ಕೂಡಲೇ ಹೀತ್‌ಕ್ಲಿಫ್ ಹೇಳಿಕಳುಹಿಸುತ್ತಾನೆ, ಮರುದಿನವೇ ಮಗುವನ್ನು ಒಪ್ಪಿಸಬೇಕಾಗುತ್ತದೆ. ಆಟಕ್ಕೆಂದು ಈ ಲೆಕ್ಕವನ್ನು ಪೂರ್ತಿ ಮಾಡಿ ನೋಡಿದೆವು. ಅಳಿಯಸಂತಾನದಲ್ಲಾಗಿದ್ದರೆ ವುದರಿಂಗ್ ಹೈಟ್ಸ್ ಕ್ಯಾಥರಿನ್ ಮೂಲಕ ಕ್ಯಾಥಿಗೆ ಬರುತ್ತಿತ್ತು, ಹೀತ್‌ಕ್ಲಿಫ್ ಎರಡೂ ಮನೆಗಳ ಹೊರಗೇ ಇರುತ್ತಿದ್ದ, ಮತ್ತು ಪಾಪ, ಹೇರ್ಟನ್‌ಗೆ ತಂದೆಯ ಮನೆಯಲ್ಲಿ ಏನೂ ಸಿಗುತ್ತಿರಲಿಲ್ಲ. ಯಾವ ಕಟ್ಟು ಮಾಡಿದರೂ ಯಾರೋ ಒಬ್ಬರು ಅಂಗಳದಲ್ಲಿ ಉಳಿಯುತ್ತಾರೆ ಎಂದರು ಆ ಹಿರಿಯರು.

ಲಿಂಟನ್ ಕ್ಷಯದ ಲಕ್ಷಣಗಳಿರುವ ದುರ್ಬಲ ಹುಡುಗ. ಅವನು ಬೇಗ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು, ಹೀತ್‌ಕ್ಲಿಫ್‌ಗೂ ಗೊತ್ತು. ಮುಂದೊಂದು ದಿನ ಗ್ರೇಂಜಿನ ಒಡೆಯನಾಗುವವನು ತನ್ನ ಮಗ, ಅವನ ನಂತರದ ವಾರಸುದಾರ ತಾನೇ ಎಂದು ಖಚಿತವಾಗುವ ತನಕ ಅವನು ಸಾಯಬಾರದು ಎಂದು ಹೀತ್‌ಕ್ಲಿಫ್ ನೆಲ್ಲಿಗೆ ಬಾಯಿ ಬಿಟ್ಟೇ ಹೇಳುತ್ತಾನೆ. ತಕರಾರು ಬರಬಾರದೆಂದು ಮಗನಿಗೂ ಕ್ಯಾಥಿಗೂ ಮದುವೆ ಮಾಡಿಸಬೇಕು. ಬಯಲಿನಲ್ಲಿ ಅವಳನ್ನು ಬರಮಾಡಿಕೊಂಡು, ಮನೆಯೊಳಗೆ ಕೂಡಿಹಾಕಿ, ಅಪ್ಪ ಸಾವಿನ ಹಾಸಿಗೆಯಲ್ಲಿರುವಾಗ ಅವಳಿಂದ ಒಪ್ಪಿಗೆ ಹಿಂಡುತ್ತಾನೆ. ಹೀಗೆ ಲಿಂಟನ್ ಎಡ್ಗರನಿಗೆ ನಮ್ಮ ಭಾಷೆಯ ಎರಡೂ ಅರ್ಥದಲ್ಲಿ ಅಳಿಯನಾಗುತ್ತಾನೆ: ತಂಗಿಯ ಮಗನೂ ಹೌದು, ಮಗಳ ಗಂಡನೂ ಹೌದು.

ಆ ಮದುವೆಯೊಂದಿಗೆ ಕ್ಯಾಥಿಯ ಹಣ, ಒಡವೆ, ಪುಸ್ತಕ, ಕೊನೆಗೆ ಅವಳ ಕುದುರೆ ಕೂಡ ಗಂಡನದಾಗುತ್ತದೆ. ಮದುವೆಯಾದ ಹೆಂಗಸಿನ ಚರಾಸ್ತಿ ಗಂಡನಿಗೆ ಸೇರುವ ಈ ನಿಯಮ ಇಂಗ್ಲೆಂಡಿನಲ್ಲಿ ಸಡಿಲವಾದದ್ದು 1870ರ ಮತ್ತು 1882ರ ಕಾಯ್ದೆಗಳಿಂದ. ಎಡ್ಗರ್ ಇದನ್ನು ಕೊನೆಗಳಿಗೆಯಲ್ಲಿ ಅರಿತು, ಮಗಳ ಹಣವನ್ನು ಅವಳ ಕೈಗೆ ಬಿಡದೆ ಧರ್ಮದರ್ಶಿಗಳ ವಶಕ್ಕೆ ಕೊಡುವಂತೆ ಉಯಿಲು ಬದಲಿಸಲು ವಕೀಲನಿಗೆ ಹೇಳಿಕಳುಹಿಸುತ್ತಾನೆ. ಹಾಗೆ ಮಾಡಿದ್ದರೆ ಹಣ ಉಳಿಯುತ್ತಿತ್ತು. ವಕೀಲ ಅಷ್ಟರಲ್ಲಿ ಹೀತ್‌ಕ್ಲಿಫ್‌ಗೆ ತನ್ನನ್ನು ಮಾರಿಕೊಂಡಿರುತ್ತಾನೆ, ಬೇಕೆಂದೇ ತಡಮಾಡುತ್ತಾನೆ. ಎಡ್ಗರ್ ತೀರಿಕೊಂಡ ಸ್ವಲ್ಪ ದಿನಕ್ಕೇ ಲಿಂಟನ್ ಕೂಡ ಸಾಯುತ್ತಾನೆ, ಚರಾಸ್ತಿಯನ್ನೆಲ್ಲ ತಂದೆಗೆ ಬರೆದಿಟ್ಟು. ಹದಿನೇಳು ವರ್ಷದ ಹುಡುಗನ ಉಯಿಲು ಹೇಗೆ ಊರ್ಜಿತ ಎಂದು ಕೇಳಬಹುದು. 1837ರ ಉಯಿಲು ಕಾಯ್ದೆಗಿಂತ ಮೊದಲು ಹದಿನಾಲ್ಕು ತುಂಬಿದ ಹುಡುಗ ಚರಾಸ್ತಿಗೆ ಉಯಿಲು ಬರೆಯಬಹುದಿತ್ತು. ಭೂಮಿಗೆ ಮಾತ್ರ ಆಗದು. ಅಪ್ರಾಪ್ತನಾದ್ದರಿಂದ ಭೂಮಿಯ ಗೊಡವೆಗೆ ಅವನು ಹೋಗುವಂತಿರಲಿಲ್ಲ ಎಂದು ನೆಲ್ಲಿ ಸ್ಪಷ್ಟವಾಗಿ ಹೇಳುತ್ತಾಳೆ.

ಹಾಗಿದ್ದರೆ ಗ್ರೇಂಜಿನ ಭೂಮಿ ಹೀತ್‌ಕ್ಲಿಫ್‌ಗೆ ಹೇಗೆ ಬಂತು? ಹೆಂಡತಿಯ ಹಕ್ಕಿನಿಂದಲೂ ತನ್ನ ಹಕ್ಕಿನಿಂದಲೂ ಅವನು ಅದನ್ನು ಹಿಡಿದುಕೊಂಡ, ಕಾನೂನಿನಂತೆಯೇ ಇರಬೇಕು ಎನ್ನುತ್ತಾಳೆ ನೆಲ್ಲಿ. ಸ್ಯಾಂಗರ್ ತೋರಿಸಿದಂತೆ ಎರಡೂ ಹಕ್ಕುಗಳು ಟೊಳ್ಳು. ಹೆಂಡತಿಯ ಭೂಮಿಯನ್ನು ಗಂಡ ಜೀವಮಾನವಿಡೀ ಅನುಭವಿಸಬೇಕಾದರೆ ಅದು ಹೆಂಡತಿಯ ಸ್ವಾಧೀನಕ್ಕೆ ಒಮ್ಮೆಯಾದರೂ ಬಂದಿರಬೇಕು. ಇಸಬೆಲ್ಲಾ ಅಣ್ಣನಿಗಿಂತ ಮೊದಲೇ ಸತ್ತವಳು. ಮಗನ ಭೂಮಿಗೆ ತಂದೆ ವಾರಸುದಾರನಾಗುವುದು 1833ರ ಕಾಯ್ದೆಗಿಂತ ಮೊದಲು ಸಾಧ್ಯವಿರಲಿಲ್ಲ. ನ್ಯಾಯಾಲಯಕ್ಕೆ ಹೋಗಿದ್ದರೆ ಭೂಮಿ ಕ್ಯಾಥಿಗೇ ಬರುವ ಸಂಭವ ಹೆಚ್ಚಾಗಿತ್ತು. ಆದರೆ ಅದೇ ವಾಕ್ಯದ ಕೊನೆಯಲ್ಲಿ ನೆಲ್ಲಿ ಸೇರಿಸುತ್ತಾಳೆ: ಕೈಯಲ್ಲಿ ಕಾಸಿಲ್ಲದ, ಬೆನ್ನಿಗೆ ಜನವಿಲ್ಲದ ಹುಡುಗಿ ಅವನ ಸ್ವಾಧೀನವನ್ನು ಅಲುಗಿಸಲಾರಳು. ಇಡೀ ಕಾದಂಬರಿಯಲ್ಲಿ ವರ್ಗದ ಕುರಿತು ನನಗೆ ಅತ್ಯಂತ ನಿಖರವಾಗಿ ಕಂಡ ವಾಕ್ಯ ಇದು. ಹಿಂದೊಮ್ಮೆ ಕಾಸೂ ಜನವೂ ಇಲ್ಲದೆ ಅಟ್ಟದ ಮೇಲೆ ಕೂತಿದ್ದವನು, ಈಗ ಅವೆರಡೂ ಇಲ್ಲದವಳ ಮುಂದೆ ಒಡೆಯನಾಗಿ ನಿಂತಿದ್ದಾನೆ.

ಪ್ರೇಮವನ್ನು ಕಳೆದುಕೊಂಡವನು ಸೇಡಿಗಾಗಿ ಇಷ್ಟೆಲ್ಲ ಮಾಡಿದ ಎಂಬುದು ನಿಜ. ಆದರೆ ಸೇಡಿಗೆ ಅವನು ಆರಿಸಿಕೊಂಡ ಆಯುಧಗಳನ್ನು ಗಮನಿಸಬೇಕು: ಸಾಲ, ಅಡವು, ಮದುವೆ, ಉಯಿಲು, ಓದು ಕೊಡದಿರುವುದು. ಇವೆಲ್ಲವೂ ಆ ಎರಡು ಮನೆಗಳು ತಮ್ಮ ಅಂತಸ್ತನ್ನು ಕಾಯ್ದುಕೊಳ್ಳಲು ತಲೆಮಾರುಗಳಿಂದ ಬಳಸಿದ ಸಾಧನಗಳೇ. ಅವನನ್ನು ಹೊರಗಿಟ್ಟ ಗೋಡೆಯ ಕಲ್ಲುಗಳನ್ನೇ ಕಿತ್ತು ಅವನು ತನ್ನ ಮನೆ ಕಟ್ಟಿಕೊಂಡ. ಮತ್ತು ಅದರೊಳಗೆ ಅವನಿಗೆ ಬೇಕಾದವಳು ಇರಲಿಲ್ಲ. ಕೊನೆಯ ದಿನಗಳಲ್ಲಿ, 1802ರ ವಸಂತದಲ್ಲಿ, ಅವನು ಊಟ ಬಿಡುತ್ತಾನೆ. ಇನ್ನೂ ಉಯಿಲು ಬರೆದಿಲ್ಲ, ಆಸ್ತಿಯನ್ನು ಯಾರಿಗೆ ಬಿಡಬೇಕೆಂದು ತಿಳಿಯದು, ಅದನ್ನು ಭೂಮಿಯ ಮೇಲಿನಿಂದಲೇ ಅಳಿಸಿಬಿಡಲು ಆಗುವಂತಿದ್ದರೆ ಎಂದು ನೆಲ್ಲಿಗೆ ಹೇಳುತ್ತಾನೆ. ಉಯಿಲು ಬರೆಯದೆಯೇ ಸಾಯುತ್ತಾನೆ. ಮನೆತನವಿಲ್ಲದವನಿಗೆ ವಾರಸುದಾರರೂ ಇಲ್ಲ. ಹೈಟ್ಸ್‌ನ ಅಡವು ಬಿಡಿಸಿಕೊಳ್ಳುವ ಹಕ್ಕು 20 ವರ್ಷ ತುಂಬದ ಕಾರಣ ಹೇರ್ಟನ್‌ಗೆ ಇನ್ನೂ ಉಳಿದಿದೆ. ಗ್ರೇಂಜಿನ ವಾರಸುದಾರಿಕೆ ಕ್ಯಾಥಿಗೆ.

ಆ ವರ್ಷದ ಸೆಪ್ಟೆಂಬರಿನಲ್ಲಿ ಗ್ರೇಂಜಿನ ಹಳೆಯ ಬಾಡಿಗೆದಾರ ಲಾಕ್‌ವುಡ್ ಮರಳಿ ಬಂದಾಗ, ತೆರೆದ ಕಿಟಕಿಯಿಂದ ಅವನ ಕಿವಿಗೆ ಬೀಳುವುದು ಪಾಠದ ದನಿ. ಕ್ಯಾಥಿ ಹೇರ್ಟನ್‌ಗೆ ಓದು ಕಲಿಸುತ್ತಿದ್ದಾಳೆ. ಒಂದು ಪದವನ್ನು ಅವನು ತಪ್ಪಾಗಿ ಉಚ್ಚರಿಸಿದ್ದಾನೆ. ಇದು ಮೂರನೆಯ ಸಲ, ಇನ್ನೊಮ್ಮೆ ಹೇಳುವುದಿಲ್ಲ ಎಂದು ಅವಳು ಗದರುತ್ತಿದ್ದಾಳೆ. ಈ ಪುಟವನ್ನು ಬಳಗದಲ್ಲಿ ಗಟ್ಟಿಯಾಗಿ ಓದಲು, ರಾತ್ರಿ ಶಾಲೆಯಲ್ಲಿ ಕಲಿತ ಆ ಹಿರಿಯರಲ್ಲೊಬ್ಬರು ತಾವಾಗಿ ಮುಂದೆ ಬಂದರು. ಕನ್ನಡಕ ಒರೆಸಿಕೊಂಡು, ನಾನು ಬರೆದುಕೊಂಡು ಹೋಗಿದ್ದ ಕನ್ನಡದ ಹಾಳೆಯನ್ನು ಅವಸರವಿಲ್ಲದೆ ಓದಿದರು. ಮುಗಿದ ಮೇಲೆ ಮದುವೆ ಯಾವಾಗ ಎಂದು ಕೇಳಿದರು. ಹೊಸ ವರ್ಷದ ಮೊದಲ ದಿನ ಎಂದೆ. ಮದುವೆಯಾದ ಮೇಲೆ ಅವರಿಬ್ಬರೂ ಗ್ರೇಂಜಿಗೆ ಹೋಗುತ್ತಾರೆ. ವುದರಿಂಗ್ ಹೈಟ್ಸ್‌ನಲ್ಲಿ ಮುದಿ ಆಳು ಜೋಸೆಫ್ ಅಡುಗೆಮನೆಯಲ್ಲಿ ಉಳಿದುಕೊಳ್ಳುತ್ತಾನೆ, ಮಿಕ್ಕ ಕೋಣೆಗಳಿಗೆಲ್ಲ ಬೀಗ ಹಾಕುತ್ತಾರೆ.